ಪೈಲ್ ಹೊಡೆಯುವ ಮುಂಚೆ ನೆಲದ ಬಗ್ಗೆ ಎಷ್ಟು ಗೊತ್ತಿರಬೇಕು? ಮೂರು ಬೋರ್‌ಹೋಲ್ ಸಾಕಾ?

ಸೈಟ್_ಹುಡುಗ
ಎಲ್ಲರಿಗೂ ನಮಸ್ಕಾರ. ಪೈಲಿಂಗ್ (ಕಟ್ಟಡದ ಭಾರ ಹೊರಲು ನೆಲದೊಳಗೆ ಉದ್ದ ಕಂಬ ಇಳಿಸುವ) ಕೆಲಸಕ್ಕೆ ಹೊಸದಾಗಿ ಬಂದಿದ್ದೇನೆ. ಅನುಭವ ಇರುವವರ ಅಭಿಪ್ರಾಯ ಬೇಕು.

ಏಳು ಮಹಡಿ ಕಟ್ಟಡ. ಜಾಗ ಸುಮಾರು 60 ಮೀಟರ್ ಉದ್ದ, 35 ಮೀಟರ್ ಅಗಲ. 35 ಸೆಂ.ಮೀ. ಚೌಕದ ಪ್ರೀಕಾಸ್ಟ್ (ಮೊದಲೇ ಎರಕ ಹಾಕಿದ ಕಾಂಕ್ರೀಟ್) ಪೈಲ್, ಹೈಡ್ರಾಲಿಕ್ ಹ್ಯಾಮರ್. ಮಣ್ಣು ಪರೀಕ್ಷೆಗೆ ಮೂರು ಬೋರ್‌ಹೋಲ್ ಹಾಕಿದ್ದಾರೆ. ಮೊದಲ ಎರಡೂ ಹೆಚ್ಚುಕಮ್ಮಿ ಒಂದೇ ಥರ: ಮೇಲೆ 3 ಮೀಟರ್ ಭರ್ತಿ ಮಣ್ಣು, ಅಲ್ಲಿಂದ 11 ಮೀಟರ್‌ವರೆಗೆ ಮೆತ್ತನೆ ಜೇಡಿ, ಅದರ ಕೆಳಗೆ ಮರಳು. 15 ಮೀಟರ್ ದಾಟಿದ ಮೇಲೆ ಎನ್ ಮೌಲ್ಯ (ಮಣ್ಣು ಎಷ್ಟು ಗಟ್ಟಿ ಅಂತ ಹೇಳುವ ಪೆಟ್ಟಿನ ಲೆಕ್ಕ) 50ರ ಹತ್ತಿರ. 18 ಮೀಟರ್‌ಗೆ ನಿಲ್ಲಿಸಿದ್ದಾರೆ. ಮೂರನೆಯದರಲ್ಲಿ ಮಾತ್ರ 9 ಮೀಟರ್‌ಗೇ ರಿಫ್ಯೂಸಲ್. ‘ಬಂಡೆ’ ಅಂತ ಬರೆದು ಮುಗಿಸಿದ್ದಾರೆ.

ಪೈಲ್ ಉದ್ದ 16 ಮೀಟರ್ ಅಂತ ಡ್ರಾಯಿಂಗ್‌ನಲ್ಲಿದೆ. ಕಾಂಟ್ರಾಕ್ಟರ್ ಎಲ್ಲವನ್ನೂ ಈಗಲೇ ಎರಕ ಹಾಕಿಸಬೇಕು ಅಂತಿದ್ದಾರೆ. ಒಂದು ಬದಿಗೆ 6 ಮೀಟರ್ ದೂರದಲ್ಲಿ ಹಳೇ ಇಟ್ಟಿಗೆ ಕಟ್ಟಡ ಇದೆ. ಇಷ್ಟು ಮಾಹಿತಿ ಇಟ್ಟುಕೊಂಡು ಶುರು ಮಾಡಬಹುದಾ? ರಿಸ್ಕ್ ಪಟ್ಟಿಯಲ್ಲಿ ಏನೇನು ಬರೆಯಬೇಕು?

ಮಣ್ಣಿನ_ಲ್ಯಾಬ್
ಶುರು ಮಾಡಬೇಡಿ. ಮೊದಲು ಮೂರನೇ ಬೋರ್‌ಹೋಲ್‌ಗೆ ಉತ್ತರ ಸಿಗಲಿ.

‘ಬಂಡೆ’ ಅಂತ ಬರೆದವರು ಕೋರ್ (ಕೊರೆದು ತೆಗೆದ ಕಲ್ಲಿನ ಉರುಳೆ) ತೆಗೆದಿದ್ದಾರಾ? ಕೋರ್ ಪೆಟ್ಟಿಗೆಯ ಫೋಟೋ ಇದೆಯಾ? ರಿಫ್ಯೂಸಲ್ ಅಂದರೆ ಸ್ಪೂನ್ (ಪೆಟ್ಟು ಹೊಡೆದು ಇಳಿಸುವ ಸ್ಯಾಂಪಲ್ ಕೊಳವೆ) ಕೆಳಗೆ ಹೋಗಲಿಲ್ಲ ಅಂತ ಅಷ್ಟೇ ಅರ್ಥ. ಯಾಕೆ ಹೋಗಲಿಲ್ಲ ಅನ್ನುವುದನ್ನು ಅದು ಹೇಳುವುದಿಲ್ಲ. ಒಂದು ಗುಂಡುಕಲ್ಲು ಇರಬಹುದು, ನಿಜವಾದ ಬಂಡೆ ಇರಬಹುದು, ಸಿಮೆಂಟಿನಂತೆ ಗಟ್ಟಿಯಾದ ಜಲ್ಲಿ ಪದರ ಇರಬಹುದು. ಬಂಡೆ ಅಂತ ಒಪ್ಪಿಕೊಳ್ಳಲು ರೋಟರಿ ಡ್ರಿಲ್ ಹಾಕಿ ಕನಿಷ್ಠ 3 ಮೀಟರ್, ಗುಂಡುಕಲ್ಲು ಇರುವ ಜಾಗವಾದರೆ 5 ಮೀಟರ್ ಕೋರ್ ತೆಗೆಯಬೇಕು. 1 ಮೀಟರ್ ಕೊರೆದು ಬಂಡೆ ಅಂದುಕೊಂಡರೆ, ಅದಕ್ಕಿಂತ ದೊಡ್ಡ ಗುಂಡುಕಲ್ಲುಗಳೂ ಇರುತ್ತವೆ.

ಎರಡನೇ ವಿಷಯ ಆಳ. ಪೈಲ್ ತುದಿ 16ರಲ್ಲಿ, ಬೋರ್‌ಹೋಲ್ 18ರಲ್ಲಿ ಮುಗಿದಿದೆ. ತುದಿಯ ಕೆಳಗೆ ಗೊತ್ತಿರುವುದು ಬರೀ 2 ಮೀಟರ್. ಯುರೋಪಿನ ನೆಲ-ತಳಪಾಯ ಸಂಹಿತೆ ಯೂರೋಕೋಡ್ 7ರ ಎರಡನೇ ಭಾಗದಲ್ಲಿ ಇದಕ್ಕೆ ಸರಳ ಮಾತಿದೆ: ತುದಿಯಿಂದ ಕೆಳಗೆ ಕನಿಷ್ಠ 5 ಮೀಟರ್, ಪೈಲ್ ವ್ಯಾಸದ 3 ಪಟ್ಟು, ಪೈಲ್ ಗುಂಪಿನ ಕಿರಿದಾದ ಬದಿಯ ಅಗಲ, ಈ ಮೂರರಲ್ಲಿ ಯಾವುದು ದೊಡ್ಡದೋ ಅಷ್ಟು. ನಿಮ್ಮಲ್ಲಿ ಕಡಿಮೆ ಅಂದರೂ 21 ಮೀಟರ್ ಬೇಕಿತ್ತು.

ಲೆಕ್ಕದ_ಪುಸ್ತಕ
ಮೇಡಂ, ಗುಂಪಿನ ಅಗಲ ಅಂದರೆ ಇಡೀ ಕಟ್ಟಡದ ಅಗಲವಾ? ಹಾಗಿದ್ದರೆ 35 ಮೀಟರ್. 16 ಪ್ಲಸ್ 35, ಅಂದರೆ 51 ಮೀಟರ್ ಬೋರ್‌ಹೋಲ್! ಏಳು ಮಹಡಿಗೆ ಇದನ್ನು ಯಾರು ಮಾಡುತ್ತಾರೆ? ಸುಮ್ನೆ ಹೆದರಿಸಬೇಡಿ.

ಮಣ್ಣಿನ_ಲ್ಯಾಬ್
ಪ್ರತಿ ಕಂಬದ ಕೆಳಗೆ ನಾಲ್ಕೈದು ಪೈಲ್, ಕ್ಯಾಪ್‌ಗಳ (ಪೈಲ್ ತಲೆಗಳನ್ನು ಕೂಡಿಸುವ ಕಾಂಕ್ರೀಟ್ ದಿಮ್ಮಿಗಳ) ನಡುವೆ ಸಾಕಷ್ಟು ಅಂತರ ಇದ್ದರೆ ಒಂದೊಂದು ಕ್ಯಾಪ್ ಒಂದು ಗುಂಪು. ಆಗ 5 ಮೀಟರ್ ಲೆಕ್ಕ ಸಾಕು. ಇಡೀ ತಳಕ್ಕೆ ರಾಫ್ಟ್ (ಒಂದೇ ಕಾಂಕ್ರೀಟ್ ಚಪ್ಪಡಿ) ಹಾಕಿ ಒತ್ತೊತ್ತಾಗಿ ಪೈಲ್ ಹೊಡೆದರೆ ಇಡೀ ಕಟ್ಟಡವೇ ಒಂದು ಗುಂಪು. ಭಾರ ಆಳಕ್ಕೆ ಹೋಗುತ್ತದೆ. ಎಲ್ಲ ಬೋರ್‌ಹೋಲ್ ಅಷ್ಟು ಆಳ ಬೇಡ. ಒಂದಾದರೂ ಆಳಕ್ಕೆ ಹೋಗಲಿ.

ಡ್ರಾಯಿಂಗ್_ಬೋರ್ಡ್
ಇದು ಹೆದರಿಸುವ ಮಾತಲ್ಲ ಸರ್. ಸ್ಯಾನ್ ಫ್ರಾನ್ಸಿಸ್ಕೋದ ಮಿಲೇನಿಯಂ ಟವರ್ ನೋಡಿ. 58 ಮಹಡಿ. 2009ರಲ್ಲಿ ಜನ ವಾಸಕ್ಕೆ ಬಂದರು. ಪ್ರೀಕಾಸ್ಟ್ ಪೈಲ್‌ಗಳನ್ನು ಗಟ್ಟಿ ಮರಳಿನ ಪದರಕ್ಕೆ ಹೊಡೆದು ನಿಲ್ಲಿಸಿದ್ದರು. ಆ ಮರಳಿನ ಕೆಳಗೆ ದಪ್ಪ ಜೇಡಿ ಪದರ ಇತ್ತು, ಅದರ ಕೆಳಗೆ ಬಂಡೆ. 2016ರ ಹೊತ್ತಿಗೆ ಕಟ್ಟಡ ಸುಮಾರು 16 ಇಂಚು, ಅಂದರೆ 40 ಸೆಂ.ಮೀ. ಕುಸಿದು ಒಂದು ಕಡೆಗೆ ವಾಲಿತ್ತು. ಮರಳು ತನ್ನ ಕೆಲಸ ಮಾಡಿತ್ತು. ಅದರ ಕೆಳಗಿನ ಜೇಡಿ ನಿಧಾನಕ್ಕೆ ನೀರು ಬಿಟ್ಟುಕೊಟ್ಟು ಅಡಕವಾಗುತ್ತಾ ಹೋಯಿತು. ಅಕ್ಕಪಕ್ಕದಲ್ಲಿ ಅಂತರ್ಜಲ ಇಳಿಸಿದ್ದರಿಂದಲೂ ಹೀಗಾಯಿತು ಅಂತ ವಾದ ನಡೆಯಿತು. ಆಮೇಲೆ ಬಂಡೆಯವರೆಗೆ ಹೊಸ ಪೈಲ್ ಹಾಕಿ ಸರಿಪಡಿಸಲು ಹೊರಟರು. ಆ ಕೆಲಸ ನಡೆಯುವಾಗಲೇ ವಾಲುವುದು ಜಾಸ್ತಿಯಾಗಿ 2021ರಲ್ಲಿ ಕೆಲವು ಸಮಯ ನಿಲ್ಲಿಸಬೇಕಾಯಿತು.

ಏಳು ಮಹಡಿಗೂ 58 ಮಹಡಿಗೂ ಹೋಲಿಕೆ ಇಲ್ಲ, ಒಪ್ಪುತ್ತೇನೆ. ಆದರೆ ಪ್ರಶ್ನೆ ಒಂದೇ: ಈ ಮರಳಿನ ಕೆಳಗೆ ಏನಿದೆ? ಸೈಟ್_ಹುಡುಗ ಅವರ ಹತ್ತಿರ ಇದಕ್ಕೆ ಉತ್ತರ ಇಲ್ಲ.

ಹಳೇ_ಕಾಂಟ್ರಾಕ್ಟರ್
ಎಲ್ಲರೂ ಬೋರ್‌ಹೋಲ್ ಬೋರ್‌ಹೋಲ್ ಅಂತಿದ್ದೀರಿ. ಹೊಡೆಯುವ ಪೈಲ್‌ಗಿಂತ ದೊಡ್ಡ ಪರೀಕ್ಷೆ ಬೇಕಾ? ನೆಲ ಕೊರೆದು ಕಾಂಕ್ರೀಟ್ ತುಂಬುವ ಬೋರ್ಡ್ (bored) ಪೈಲ್‌ನಲ್ಲಿ ಗುಂಡಿಯ ತಳ ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ಪ್ರತಿಯೊಂದು ಪೆಟ್ಟಿಗೂ ನೆಲ ಉತ್ತರ ಕೊಡುತ್ತದೆ. ಸೆಟ್ (ಪೆಟ್ಟಿಗೆ ಪೈಲ್ ಇಳಿಯುವುದು ನಿಗದಿತ ಅಳತೆಗೆ ಕಡಿಮೆಯಾಗುವುದು) ಸಿಗುವವರೆಗೆ ಹೊಡಿ, ಸಿಕ್ಕಮೇಲೆ ನಿಲ್ಲಿಸು. ಉದ್ದ ಉಳಿದರೆ ಕತ್ತರಿಸು, ಸಾಲದಿದ್ದರೆ ಜಾಯಿಂಟ್ ಹಾಕು. ಇಷ್ಟು ವರ್ಷ ಹೀಗೇ ನಡೆದಿದೆ. ಇನ್ನೆರಡು ಬೋರ್‌ಹೋಲ್ ಅಂದರೆ ಕ್ಲೈಂಟ್ ಹಣ ಬಿಚ್ಚುವುದಿಲ್ಲ, ಕೆಲಸವೂ ತಡ.

ಹ್ಯಾಮರ್_ಅಣ್ಣ
ಅರ್ಧ ಮಾತು ಸರಿ ಅಣ್ಣ. ಪೈಲ್ ಉತ್ತರ ಕೊಡುತ್ತದೆ, ನಿಜ. ಕೇಳುವವರು ಪಕ್ಕದಲ್ಲಿ ನಿಂತಿರಬೇಕಲ್ಲ?

ಗುಂಡುಕಲ್ಲು ತಗುಲಿದಾಗ ಏನಾಗುತ್ತದೆ ಅಂತ ಹೇಳುತ್ತೇನೆ. ಜೇಡಿಯಲ್ಲಿ ಪೈಲ್ ಸರಾಗ ಇಳಿಯುತ್ತಿರುತ್ತದೆ. 25 ಸೆಂ.ಮೀ.ಗೆ ಐದಾರು ಪೆಟ್ಟು. ಇದ್ದಕ್ಕಿದ್ದಂತೆ ಶಬ್ದ ಬದಲಾಗುತ್ತದೆ, ಹ್ಯಾಮರ್ ಪುಟಿಯುತ್ತದೆ. ಪೆಟ್ಟು ಮೂವತ್ತು ನಲವತ್ತಕ್ಕೆ ಏರುತ್ತದೆ. ಆಗ ಪೈಲ್‌ನ ಮೂಲೆ ನೋಡಿ, ನಿಧಾನಕ್ಕೆ ತಿರುಗಲು ಶುರು ಮಾಡುತ್ತದೆ, ಇಲ್ಲವೇ ಲೀಡರ್‌ಗೆ (ಪೈಲನ್ನು ನೇರ ಹಿಡಿಯುವ ಕಂಬಕ್ಕೆ) ಒರಗುತ್ತದೆ. ತಲೆಯ ಹತ್ತಿರ ಕಾಂಕ್ರೀಟ್ ಚಕ್ಕೆ ಏಳುತ್ತದೆ. ಅಲ್ಲೇ ನಿಲ್ಲಿಸಬೇಕು. ನಿಲ್ಲಿಸದೆ ಹೊಡೆದರೆ ಒಂದು ಹಂತದಲ್ಲಿ ಮತ್ತೆ ಸರಾಗವಾಗಿ ಇಳಿಯುತ್ತದೆ. ಮೇಲೆ ನಿಂತವರು ‘ಕಲ್ಲು ದಾಟಿತು’ ಅಂತ ಖುಷಿಪಡುತ್ತಾರೆ. ಎಷ್ಟೋ ಸಲ ಕಲ್ಲು ದಾಟಿರುವುದಿಲ್ಲ, ಕೆಳಗೆ ಪೈಲ್ ಮುರಿದಿರುತ್ತದೆ. ಮುರಿದ ತುಂಡು ಪಕ್ಕಕ್ಕೆ ಜಾರಿ ಮೇಲಿನ ತುಂಡು ಇಳಿಯುತ್ತಿರುತ್ತದೆ. ಕೊನೆಗೆ ಸೆಟ್ಟೂ ಸಿಗುತ್ತದೆ, ಹಾಳೆಯಲ್ಲಿ ಚೆನ್ನಾಗೇ ಕಾಣುತ್ತದೆ.

ಹಾಗಾಗಿ ಪೈಲೇ ಪರೀಕ್ಷೆ ಅನ್ನುವುದಾದರೆ, ಯಾವ ಆಳದಲ್ಲಿ ಏನು ಸಿಗಬೇಕು ಅಂತ ಮೊದಲೇ ಗೊತ್ತಿರಬೇಕು. ಅದನ್ನು ಹೇಳುವುದು ಬೋರ್‌ಲಾಗ್, ಅಂದರೆ ಬೋರ್‌ಹೋಲ್‌ನ ಪದರಗಳ ದಾಖಲೆ.

ಕಾಲೇಜು_ಕೊನೆವರ್ಷ
ಹ್ಯಾಮರ್ ಅಣ್ಣ, ಕೆಳಗೆ ಮುರಿದಿದೆ ಅಂತ ಖಚಿತವಾಗಿ ತಿಳಿಯುವುದು ಹೇಗೆ? ಅಗೆದು ನೋಡಲು ಆಗುವುದಿಲ್ಲ ಅಲ್ವಾ?

ಡ್ರಾಯಿಂಗ್_ಬೋರ್ಡ್
ಪಿಡಿಎ (ಪೈಲ್ ಡ್ರೈವಿಂಗ್ ಅನಲೈಸರ್) ಪರೀಕ್ಷೆ ಮಾಡಿ. ಪೈಲ್ ತಲೆಯ ಹತ್ತಿರ ಸ್ಟ್ರೇನ್ ಗೇಜ್ ಮತ್ತು ಆಕ್ಸೆಲರೋಮೀಟರ್ ಬೋಲ್ಟ್ ಹಾಕಿ ಹೊಡೆಯುತ್ತಾರೆ. ಪೆಟ್ಟಿನ ಅಲೆ ಕಾಂಕ್ರೀಟಿನಲ್ಲಿ ಸೆಕೆಂಡಿಗೆ ಸುಮಾರು 4000 ಮೀಟರ್ ವೇಗದಲ್ಲಿ ಹೋಗುತ್ತದೆ. 16 ಮೀಟರ್ ಪೈಲ್‌ನಲ್ಲಿ ತುದಿ ಮುಟ್ಟಿ ವಾಪಸ್ ಬರಲು ಸುಮಾರು 8 ಮಿಲಿಸೆಕೆಂಡ್. 5 ಮಿಲಿಸೆಕೆಂಡಿಗೇ ದೊಡ್ಡ ಟೆನ್ಶನ್ ಪ್ರತಿಫಲನ ಬಂದರೆ 10 ಮೀಟರ್ ಹತ್ತಿರ ಬಿರುಕು ಅಥವಾ ಮುರಿತ ಇದೆ ಅಂತ ಲೆಕ್ಕ. ಜಾಯಿಂಟ್ ಇರುವ ಪೈಲ್ ಆದರೆ ಜಾಯಿಂಟ್‌ನ ಜಾಗವೂ ಸಣ್ಣದಾಗಿ ಕಾಣಬಹುದು. ಅದನ್ನು ಬಿರುಕು ಅಂತ ತಪ್ಪು ತಿಳಿಯಬಾರದು.

ಇನ್ನೊಂದು ಮಾತು. ಗಟ್ಟಿ ನೆಲದಲ್ಲಿ ಮಾತ್ರ ಪೈಲ್ ಹಾಳಾಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಮೆತ್ತನೆ ಜೇಡಿಯಲ್ಲೂ ಹಾಳಾಗುತ್ತದೆ. ತುದಿಗೆ ತಡೆ ಇಲ್ಲದಿದ್ದಾಗ ಒತ್ತಡದ ಅಲೆ ತುದಿಯಿಂದ ಎಳೆತದ ಅಲೆಯಾಗಿ ವಾಪಸ್ ಬರುತ್ತದೆ. ಕಾಂಕ್ರೀಟ್ ಎಳೆತ ತಡೆಯುವುದಿಲ್ಲ, ಅಡ್ಡಡ್ಡ ಬಿರುಕು ಬಿಡುತ್ತದೆ. ಸೈಟ್_ಹುಡುಗ ಅವರ 3ರಿಂದ 11 ಮೀಟರ್ ಭಾಗ ಅಂಥದ್ದೇ.

ಹ್ಯಾಮರ್_ಅಣ್ಣ
ಅದಕ್ಕೇ ಆ ಭಾಗದಲ್ಲಿ ಡ್ರಾಪ್ (ಹ್ಯಾಮರ್ ಬೀಳುವ ಎತ್ತರ) ಕಡಿಮೆ ಇಟ್ಟು ಹೊಡೆಯಬೇಕು. ತಲೆಯ ಮೇಲಿನ ಮರದ ಕುಶನ್ ದಪ್ಪ ಇರಬೇಕು. ಸುಟ್ಟು ಕರಕಲಾಗಿ ತೆಳ್ಳಗಾದ ಕುಶನ್ ಇಟ್ಟುಕೊಂಡು ಮುಂದಿನ ಪೈಲ್‌ಗೆ ಹೋಗಬಾರದು.

ಮಣ್ಣಿನ_ಲ್ಯಾಬ್
ಎನ್ ಮೌಲ್ಯ 50 ಅಂದ ತಕ್ಷಣ ಎಲ್ಲರೂ ನೆಮ್ಮದಿಯಾಗುತ್ತಾರೆ. ಆ 50 ಹೇಗೆ ಬಂತು ಅಂತ ಯಾರೂ ಕೇಳುವುದಿಲ್ಲ. ಅದನ್ನು ಕೊಡುವ ಎಸ್‌ಪಿಟಿ (ಸ್ಟ್ಯಾಂಡರ್ಡ್ ಪೆನೆಟ್ರೇಷನ್ ಟೆಸ್ಟ್) ನೋಡಲು ಸರಳ. 63.5 ಕೆ.ಜಿ. ತೂಕ, ಸುಮಾರು 75 ಸೆಂ.ಮೀ. ಎತ್ತರದಿಂದ ಬೀಳಬೇಕು. 15 ಸೆಂ.ಮೀ.ನಂತೆ ಮೂರು ಸಲ ಇಳಿಸಬೇಕು. ಮೊದಲ 15ರ ಪೆಟ್ಟು ಬಿಟ್ಟು ಉಳಿದ ಎರಡರ ಪೆಟ್ಟು ಕೂಡಿಸಿದರೆ ಎನ್. ಇಷ್ಟೇ.

ಆದರೆ ಸೈಟ್‌ನಲ್ಲಿ ನಿಂತು ನೋಡಿ. ಹಗ್ಗ ಡ್ರಮ್‌ಗೆ ಎರಡು ಸುತ್ತು ಇರಬೇಕಾದ ಕಡೆ ಮೂರು ಸುತ್ತು ಇರುತ್ತದೆ. ತೂಕ ಬಿಡುಬೀಸಾಗಿ ಬೀಳುವುದಿಲ್ಲ, ಹಗ್ಗ ಎಳೆದುಕೊಂಡು ಇಳಿಯುತ್ತದೆ. ಪೆಟ್ಟಿನ ಶಕ್ತಿ ಕಡಿಮೆ, ಪೆಟ್ಟಿನ ಸಂಖ್ಯೆ ಜಾಸ್ತಿ. ಮರಳೇ ಗಟ್ಟಿ ಅಂತ ವರದಿಯಲ್ಲಿ ಬರುತ್ತದೆ. ಜಲ್ಲಿ ಇದ್ದರೆ ಒಂದು ಕಲ್ಲು ಸ್ಪೂನ್ ಬಾಯಿಗೆ ಬಾಟಲಿಗೆ ಬಿರಡೆ ಹಾಕಿದ ಹಾಗೆ ಕೂರುತ್ತದೆ. ಎನ್ ಒಮ್ಮೆಗೇ ಏರುತ್ತದೆ. ಸ್ಪೂನ್ ಬಿಚ್ಚಿದಾಗ ಸ್ಯಾಂಪಲ್ ಎಷ್ಟು ಉದ್ದ ಸಿಕ್ಕಿತು ಅಂತ ಲಾಗ್‌ನಲ್ಲಿ ನೋಡಿ. 45ರಲ್ಲಿ ಬರೀ 8 ಸೆಂ.ಮೀ. ಸಿಕ್ಕಿದ್ದರೆ ಆ ಎನ್ ಮೌಲ್ಯವನ್ನು ನಂಬಬೇಡಿ.

ಉಲ್ಟಾನೂ ಆಗುತ್ತದೆ. ಬೋರ್‌ಹೋಲ್ ಒಳಗಿನ ನೀರು ಹೊರಗಿನ ಅಂತರ್ಜಲಕ್ಕಿಂತ ಕೆಳಗಿದ್ದರೆ ತಳದಿಂದ ಮರಳು ಉಕ್ಕಿ ಬರುತ್ತದೆ. ಸಡಿಲವಾದ ಮರಳಿನಲ್ಲಿ ಪರೀಕ್ಷೆ ಮಾಡಿದ ಹಾಗಾಗುತ್ತದೆ. ಎನ್ ಕಡಿಮೆ ಬರುತ್ತದೆ. ಸಲಕರಣೆ ತೆಗೆಯುವಾಗ ಆತುರಪಟ್ಟು ಎತ್ತಿದರೂ ಇದೇ ಗತಿ.

ಡ್ರಾಯಿಂಗ್_ಬೋರ್ಡ್
ಒಂದು ಸೇರ್ಪಡೆ. ನೀರಿನ ಮಟ್ಟದ ಕೆಳಗಿನ ಸಣ್ಣ ಮರಳು, ಹೂಳು ಮಿಶ್ರಿತ ಮರಳಿನಲ್ಲಿ ಎನ್ 15 ದಾಟಿದರೆ ಹಳೇ ಟೆರ್ಜಾಗಿ-ಪೆಕ್ ತಿದ್ದುಪಡಿ ಇದೆ: 15 ಪ್ಲಸ್ ಉಳಿದಿದ್ದರ ಅರ್ಧ. ಪೆಟ್ಟು ಬಿದ್ದಾಗ ಬಿಗಿ ಮರಳು ಹಿಗ್ಗಲು ನೋಡುತ್ತದೆ, ನೀರು ತಕ್ಷಣ ಒಳಗೆ ಬರಲು ಆಗದೆ ಕ್ಷಣಕಾಲ ಮಣ್ಣು ಜಾಸ್ತಿ ಗಟ್ಟಿ ಕಾಣುತ್ತದೆ. ಆ ಲೆಕ್ಕದಲ್ಲಿ 50 ಅನ್ನುವುದು 32 ಆಗುತ್ತದೆ.

ಮಣ್ಣಿನ_ಲ್ಯಾಬ್
ಆ ತಿದ್ದುಪಡಿಯನ್ನು ಎಲ್ಲ ಮರಳಿಗೂ ಹಾಕುವವರನ್ನು ನೋಡಿದ್ದೇನೆ. ಒರಟು ಮರಳಿಗೆ ಅದು ಬೇಡ. ಮೊದಲು ಜರಡಿ ಪರೀಕ್ಷೆ ನೋಡಿ, ಆಮೇಲೆ ತಿದ್ದಿ.

ಡ್ರಾಯಿಂಗ್_ಬೋರ್ಡ್
ಒಪ್ಪಿದೆ.

ಕೋನ್_ಪ್ರೇಮಿ
ಇಷ್ಟೆಲ್ಲ ತಲೆನೋವು ಯಾಕೆ? ಮೆತ್ತನೆ ಜೇಡಿ, ಕೆಳಗೆ ಮರಳು ಅಂದರೆ ಸಿಪಿಟಿಗೆ (ಕೋನ್ ಪೆನೆಟ್ರೇಷನ್ ಟೆಸ್ಟ್‌ಗೆ) ಹೇಳಿ ಮಾಡಿಸಿದ ಜಾಗ. 10 ಚದರ ಸೆಂ.ಮೀ. ತಳದ, 60 ಡಿಗ್ರಿ ಮೂತಿಯ ಕೋನನ್ನು ಸೆಕೆಂಡಿಗೆ 2 ಸೆಂ.ಮೀ. ವೇಗದಲ್ಲಿ ಒತ್ತುತ್ತಾ ಹೋಗುತ್ತಾರೆ. ಹಗ್ಗದ ಸುತ್ತು, ಕೆಲಸಗಾರನ ಕೈ ಯಾವುದರ ಪ್ರಭಾವವೂ ಇಲ್ಲ. ಎಸ್‌ಪಿಟಿ ಒಂದೂವರೆ ಮೀಟರ್‌ಗೆ ಒಂದು ಸಂಖ್ಯೆ ಕೊಟ್ಟರೆ ಇದು ಒಂದೆರಡು ಸೆಂ.ಮೀ.ಗೆ ಒಂದು ಕೊಡುತ್ತದೆ. ಮರಳಿನ ಮಧ್ಯೆ ಅರ್ಧ ಮೀಟರ್ ಜೇಡಿ ಪಟ್ಟಿ ಇದ್ದರೂ ಕಾಣುತ್ತದೆ. ಬೋರ್‌ಹೋಲ್‌ನಲ್ಲಿ ಅದು ಎರಡು ಪರೀಕ್ಷೆಗಳ ಮಧ್ಯೆ ತಪ್ಪಿಸಿಕೊಳ್ಳುತ್ತದೆ. ಬೇಗ ಮುಗಿಯುತ್ತದೆ ಕೂಡ.

ಮಣ್ಣಿನ_ಲ್ಯಾಬ್
ಸಿಪಿಟಿ ನನಗೂ ಇಷ್ಟ. ಆದರೆ ಮೂರನೇ ಬೋರ್‌ಹೋಲ್ ಜಾಗದಲ್ಲಿ ಕೋನ್ 9 ಮೀಟರ್‌ಗೆ ನಿಲ್ಲುತ್ತದೆ, ಅದೂ ರಿಫ್ಯೂಸಲ್ ಅಂತಲೇ ಹೇಳುತ್ತದೆ. ಸ್ಯಾಂಪಲ್ಲೂ ಕೈಗೆ ಸಿಗುವುದಿಲ್ಲ. ಅಲ್ಲಿ ಕೋರ್ ತೆಗೆಯಲೇಬೇಕು. ಉಳಿದ ಜಾಗಕ್ಕೆ ಸಿಪಿಟಿ ಹಾಕಿಸಿ, ನನ್ನ ಬೆಂಬಲ ಇದೆ.

ಬೆಟ್ಟದ_ಕಲ್ಲು
ಒಂದು ವೇಳೆ 9ರಲ್ಲಿ ಸಿಕ್ಕಿದ್ದು ನಿಜವಾದ ಬಂಡೆಯೇ ಆಗಿದ್ದರೆ? ಆಗ ಜಾಸ್ತಿ ತೊಂದರೆ. ಬಿಎಚ್-2ರಲ್ಲಿ (ಎರಡನೇ ಬೋರ್‌ಹೋಲ್‌ನಲ್ಲಿ) 18 ಮೀಟರ್ ಆದರೂ ಬಂಡೆ ಇಲ್ಲ, ಬಿಎಚ್-3ರಲ್ಲಿ 9ಕ್ಕೇ ಇದೆ ಅಂದರೆ ನಡುವೆ ಬಂಡೆ ಇಳಿಜಾರಾಗಿದೆ. ಇಳಿಜಾರು ಬಂಡೆಗೆ ಪೈಲ್ ತುದಿ ಕಚ್ಚಿಕೊಳ್ಳದೆ ಜಾರುತ್ತದೆ, ಪೈಲ್ ಬಾಗುತ್ತದೆ. ತುದಿಗೆ ಗಟ್ಟಿ ಉಕ್ಕಿನ ರಾಕ್ ಪಾಯಿಂಟ್ ಬೇಕು, ಬಂಡೆ ಮುಟ್ಟಿದ ಮೇಲೆ ಸಣ್ಣ ಸಣ್ಣ ಡ್ರಾಪ್‌ನಲ್ಲಿ ತುಂಬಾ ಪೆಟ್ಟು ಹೊಡೆದು ಕೂರಿಸಬೇಕು. ಒಂದೇ ಕಟ್ಟಡದ ಅರ್ಧ ಬಂಡೆ ಮೇಲೆ, ಅರ್ಧ ಮರಳಲ್ಲಿ ನಿಂತರೆ ಕುಸಿತವೂ ಬೇರೆಬೇರೆ ಆಗುತ್ತದೆ.

ಸುಣ್ಣದಕಲ್ಲಿನ ಪ್ರದೇಶವಾದರೆ ಇನ್ನೂ ಎಚ್ಚರ. ಬಂಡೆಯ ಒಳಗೇ ನೀರು ಕೊರೆದ ಪೊಟರೆಗಳಿರುತ್ತವೆ. ಪೈಲ್ ತುದಿ ಕೂತಿರುವುದು ತೆಳು ಚಪ್ಪಡಿ ಮೇಲೆ ಇರಬಹುದು. ಅಲ್ಲಿ ಪ್ರತಿ ಪೈಲ್ ಜಾಗದಲ್ಲೂ ಪ್ರೋಬ್ ಡ್ರಿಲ್ ಹಾಕುವ ಪದ್ಧತಿ ಇದೆ.

ಡ್ರಾಯಿಂಗ್_ಬೋರ್ಡ್
ಯಾರೂ ಆ 3 ಮೀಟರ್ ಭರ್ತಿ ಮಣ್ಣಿನ ಬಗ್ಗೆ ಕೇಳಲಿಲ್ಲ. ಸೈಟ್_ಹುಡುಗ, ಆ ಮಣ್ಣು ಯಾವಾಗ ತುಂಬಿದ್ದು? ಹಳೇದಾ, ಈ ಕೆಲಸಕ್ಕಾಗಿಯೇ ತುಂಬಿದ್ದಾ?

ಇತ್ತೀಚೆಗೆ ತುಂಬಿದ್ದರೆ ಕೆಳಗಿನ ಜೇಡಿ ಆ ಭಾರಕ್ಕೆ ಇನ್ನೂ ಕುಸಿಯುತ್ತಿರುತ್ತದೆ. ಪೈಲ್ ಮರಳಲ್ಲಿ ಭದ್ರವಾಗಿ ನಿಂತಿರುತ್ತದೆ, ಸುತ್ತಲಿನ ಜೇಡಿ ಕೆಳಗೆ ಇಳಿಯುತ್ತಾ ಪೈಲನ್ನೂ ಕೆಳಗೆ ಎಳೆಯುತ್ತದೆ. ಇದೇ ನೆಗೆಟಿವ್ ಸ್ಕಿನ್ ಫ್ರಿಕ್ಷನ್. ಪೈಲ್‌ನ ಬದಿಯಿಂದ ಸಿಗಬೇಕಾದ ಆಸರೆ ಉಲ್ಟಾ ಹೊರೆಯಾಗುತ್ತದೆ. ಇದಕ್ಕೆ ಮಣ್ಣು ತುಂಬಾ ಕುಸಿಯಬೇಕಾಗಿಲ್ಲ, ಕೆಲವೇ ಮಿಲಿಮೀಟರ್ ಸಾಕು. ಲೋಡ್ ಟೆಸ್ಟ್‌ನಲ್ಲಿ ಇದು ಕಾಣುವುದಿಲ್ಲ. ಪರೀಕ್ಷೆಯಲ್ಲಿ ಪೈಲನ್ನು ಕೆಳಗೆ ತಳ್ಳುತ್ತೇವೆ, ಜೇಡಿ ಆಗ ಮೇಲಕ್ಕೆ ಆಸರೆ ಕೊಡುತ್ತದೆ, ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ವರ್ಷಗಳ ನಂತರ ಅದೇ ಜೇಡಿ ಎಳೆಯುತ್ತದೆ. ಲೆಕ್ಕದಲ್ಲಿ ಸೇರಿಸಬೇಕು, ಇಲ್ಲವೇ ಪೈಲ್‌ನ ಆ ಭಾಗಕ್ಕೆ ಬಿಟುಮೆನ್ ಬಳಿಯಬೇಕು.

ಸೈಟ್_ಹುಡುಗ
ಭರ್ತಿ ಮಣ್ಣು ಹೋದ ಮಳೆಗಾಲ ಮುಗಿದ ಮೇಲೆ ತುಂಬಿದ್ದು ಸರ್. ಒಳಗೆ ಇಟ್ಟಿಗೆ ಚೂರು, ಕಾಂಕ್ರೀಟ್ ತುಂಡುಗಳೂ ಇವೆ. ಇದನ್ನು ನಮ್ಮಲ್ಲಿ ಯಾರೂ ಎತ್ತಿರಲಿಲ್ಲ.

ಡ್ರಾಯಿಂಗ್_ಬೋರ್ಡ್
ಹಾಗಾದರೆ ಡಿಸೈನರ್‌ಗೆ ಇವತ್ತೇ ಬರೆದು ತಿಳಿಸಿ. ಫೋನ್‌ನಲ್ಲಿ ಹೇಳಿ ಬಿಡಬೇಡಿ.

ಹ್ಯಾಮರ್_ಅಣ್ಣ
ಕಾಂಕ್ರೀಟ್ ತುಂಡು ಇದ್ದರೆ ಪೈಲ್ ಮೊದಲ ಮೀಟರ್‌ನಲ್ಲೇ ಸೊಟ್ಟ ಹೋಗುತ್ತದೆ. ಆಮೇಲೆ ಲೀಡರ್‌ನಿಂದ ಎಳೆದು ನೇರ ಮಾಡಲು ಹೋಗಬೇಡಿ, ಬಿರುಕು ಬಿಡುತ್ತದೆ. ಪೈಲ್ ಜಾಗದಲ್ಲಿ ಮೊದಲೇ ಆಗರ್ (ಮಣ್ಣು ಕೊರೆಯುವ ಸುರುಳಿ) ಹಾಕಿ ಭರ್ತಿ ಮಣ್ಣು ದಾಟಿಸಿಬಿಡಿ.

ಪಕ್ಕದ_ಗೋಡೆ
ನಾನು ಇಂಜಿನಿಯರ್ ಅಲ್ಲ. ನಮ್ಮ ಮನೆಯ ಪಕ್ಕದಲ್ಲಿ ಪೈಲ್ ಹೊಡೆದಾಗ ಮೊದಲೇ ಯಾರೂ ಬಂದು ಗೋಡೆ ನೋಡಲಿಲ್ಲ. ಬಿರುಕು ಬಂದ ಮೇಲೆ ‘ಇದು ಹಳೇ ಬಿರುಕು’ ಅಂದರು. ನಮ್ಮ ಹತ್ತಿರವೂ ಫೋಟೋ ಇರಲಿಲ್ಲ, ಅವರ ಹತ್ತಿರವೂ ಇರಲಿಲ್ಲ. ಆ ಹಳೇ ಇಟ್ಟಿಗೆ ಕಟ್ಟಡದಲ್ಲಿ ಇರುವವರ ಬಗ್ಗೆಯೂ ಯೋಚಿಸಿ ದಯವಿಟ್ಟು.

ಮಣ್ಣಿನ_ಲ್ಯಾಬ್
ಇದು ಬಹಳ ಮುಖ್ಯ. ಹೊಡೆಯುವ ಮುಂಚೆ ಪಕ್ಕದ ಕಟ್ಟಡದ ಪ್ರತಿ ಗೋಡೆಯ ಫೋಟೋ ತೆಗೆಯಬೇಕು. ಇರುವ ಬಿರುಕಿನ ಅಗಲ ಅಳೆದು, ತಾರೀಖು ಹಾಕಿ, ಮನೆಯವರ ಸಹಿ ಪಡೆಯಬೇಕು. ಬಿರುಕಿನ ಮೇಲೆ ಟೆಲ್‌ಟೇಲ್ (ಬಿರುಕು ಅಗಲವಾದರೆ ತೋರಿಸುವ ಅಳತೆಪಟ್ಟಿ) ಅಂಟಿಸಬೇಕು. ಕಂಪನ ಅಳೆಯುವ ಜಿಯೋಫೋನನ್ನು ಅವರ ಕಟ್ಟಡದ ತಳಪಾಯದಲ್ಲಿ ಇಡಬೇಕು, ನಮ್ಮ ಅನುಕೂಲಕ್ಕೆ ಎಲ್ಲೋ ಅಲ್ಲ. ಜರ್ಮನಿಯ ಡಿಐಎನ್ 4150 ಮೂರನೇ ಭಾಗದ ಪ್ರಕಾರ, 10 ಹರ್ಟ್ಜ್‌ಗಿಂತ ಕಡಿಮೆ ಕಂಪನಾಂಕಕ್ಕೆ ವಾಸದ ಮನೆಗಳಿಗೆ ಸೆಕೆಂಡಿಗೆ 5 ಮಿ.ಮೀ., ಸೂಕ್ಷ್ಮವಾದ ಪಾರಂಪರಿಕ ಕಟ್ಟಡಗಳಿಗೆ 3 ಮಿ.ಮೀ. ಕಾರ್ಖಾನೆ ಥರದ ಕಟ್ಟಡಗಳಿಗೆ 20.

ಕೋನ್_ಪ್ರೇಮಿ
ಆ ಮಿತಿ ಕಟ್ಟಡದ ಅಲುಗಾಟಕ್ಕೆ ಮಾತ್ರ. ಕಟ್ಟಡದ ಕೆಳಗೆ ಸಡಿಲ ಮರಳು ಇದ್ದರೆ ಮಿತಿಯ ಒಳಗಿನ ಕಂಪನಕ್ಕೂ ಮರಳು ಅಡಕವಾಗಿ ತಳಪಾಯ ಕುಸಿಯಬಹುದು. ಮೀಟರ್ ಓದು ಸರಿ ಇದೆ ಅಂತ ಸುಮ್ಮನಾಗಬೇಡಿ. ಮಟ್ಟದ ಗುರುತು ಹಾಕಿ ಲೆವೆಲ್ ತೆಗೆಯುತ್ತಾ ಇರಿ.

ಹ್ಯಾಮರ್_ಅಣ್ಣ
ಜೇಡಿಯಲ್ಲಿ ಉಲ್ಟಾ, ನೆಲ ಮೇಲೇಳುತ್ತದೆ. ಒಂದೊಂದು ಪೈಲ್ ತನ್ನ ಗಾತ್ರದಷ್ಟು ಮಣ್ಣನ್ನು ಪಕ್ಕಕ್ಕೆ ತಳ್ಳುತ್ತದಲ್ಲ, ಅದು ಹೋಗುವುದೆಲ್ಲಿಗೆ? ಮೊದಲೇ ಹೊಡೆದ ಪೈಲ್‌ಗಳೂ ಅದರ ಜೊತೆ ಎದ್ದುಬಿಡುತ್ತವೆ. ತುದಿ ಮರಳಿನಿಂದ ಬಿಟ್ಟುಕೊಂಡಿರುತ್ತದೆ. ಪ್ರತಿ ಪೈಲ್ ತಲೆಯ ಮಟ್ಟ ಹೊಡೆದ ಕೂಡಲೇ ತೆಗೆದಿಡಿ, ಅಕ್ಕಪಕ್ಕದವು ಮುಗಿದ ಮೇಲೆ ಮತ್ತೆ ತೆಗೆಯಿರಿ. ಎದ್ದಿದ್ದರೆ ಮತ್ತೆ ಹೊಡೆಯಬೇಕು. ಗುಂಪಿನಲ್ಲಿ ಮಧ್ಯದಿಂದ ಹೊರಕ್ಕೆ ಹೊಡೆಯಿರಿ. ಹಳೇ ಕಟ್ಟಡದ ಕಡೆಯಿಂದ ಶುರು ಮಾಡಿ ದೂರಕ್ಕೆ ಹೋಗಿ, ಆ ಕಡೆಗೆ ಹೊಡೆಯುತ್ತಾ ಬರಬೇಡಿ.

ಸೇಫ್ಟಿ_ಟೋಪಿ
ಎಲ್ಲರೂ 16 ಮೀಟರ್ ಕೆಳಗೆ ನೋಡುತ್ತಿದ್ದೀರಿ. ಮೇಲಿನ ಅರ್ಧ ಮೀಟರ್ ನೋಡಿ ಸ್ವಲ್ಪ. ರಿಗ್ (ಪೈಲ್ ಹೊಡೆಯುವ ಯಂತ್ರ) ನಿಲ್ಲುವುದು ಎಲ್ಲಿ? ಹೊಸ ಭರ್ತಿ ಮಣ್ಣು, ಕೆಳಗೆ ಮೆತ್ತನೆ ಜೇಡಿ. ಪೈಲ್ ಎತ್ತುವಾಗ ಮುಂದಿನ ಟ್ರ್ಯಾಕ್ ತುದಿಯ ಕೆಳಗೆ ಒತ್ತಡ ಒಮ್ಮೆಲೇ ಏರುತ್ತದೆ. ರಿಗ್ ಮಗುಚಿದರೆ ಪೈಲ್ ಉದ್ದದ ಚರ್ಚೆಗೆ ಅರ್ಥವೇ ಇಲ್ಲ. ಬ್ರಿಟನ್ನಿನಲ್ಲಿ ಇದಕ್ಕೆಂದೇ 2004ರಲ್ಲಿ ಬಿಆರ್‌ಇ 470 ಅನ್ನುವ ಮಾರ್ಗದರ್ಶಿ ಬಂತು. ಅಲ್ಲಿ ವರ್ಕಿಂಗ್ ಪ್ಲಾಟ್‌ಫಾರ್ಮ್‌ನ ವಿನ್ಯಾಸ ಮಾಡಿ, ಸಹಿ ಮಾಡಿದ ಸರ್ಟಿಫಿಕೇಟ್ ಕೊಟ್ಟ ಮೇಲೆಯೇ ರಿಗ್ ಒಳಗೆ ಬರುತ್ತದೆ.

ನಾನು ಯಾವಾಗಲೂ ಕೇಳುವ ಪ್ರಶ್ನೆ: ಮಣ್ಣು ಪರೀಕ್ಷೆಗೆ ತೆಗೆದ ಟ್ರಯಲ್ ಪಿಟ್‌ಗಳನ್ನು ಹೇಗೆ ಮುಚ್ಚಿದಿರಿ? ಬಕೆಟ್‌ನಿಂದ ಸಡಿಲ ಮಣ್ಣು ಸುರಿದು ಮೇಲೆ ಜಲ್ಲಿ ಹರಡಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಟ್ರ್ಯಾಕ್ ಅದರ ಮೇಲೆ ಬಂದಾಗಲೇ ಗೊತ್ತಾಗುವುದು. ಅಪಾಯ ಹುಡುಕಲು ತೆಗೆದ ಗುಂಡಿಯೇ ಅಪಾಯ ಆಗುತ್ತದೆ. ಪಿಟ್‌ಗಳ ಜಾಗ ನಕ್ಷೆಯಲ್ಲಿ ಗುರುತು ಮಾಡಿ, ಪದರ ಪದರವಾಗಿ ದಮ್ಮಸು ಮಾಡಿ ಮುಚ್ಚಿ.

ಇನ್ನು ಕೇಬಲ್, ಗ್ಯಾಸ್, ನೀರಿನ ಪೈಪು. ನಕ್ಷೆ ತರಿಸಿ, ಲೊಕೇಟರ್ ಹಿಡಿದು ಓಡಾಡಿ, ಅನುಮಾನ ಇದ್ದ ಕಡೆ ಕೈಯಲ್ಲಿ ಅಗೆದು ಕಣ್ಣಾರೆ ನೋಡಿ. ಪ್ಲಾಸ್ಟಿಕ್ ಪೈಪನ್ನು ಕೇಬಲ್ ಲೊಕೇಟರ್ ಹಿಡಿಯುವುದಿಲ್ಲ.

ಕಾಲೇಜು_ಕೊನೆವರ್ಷ
ಯುರೋಪಿನಲ್ಲಿ ಯುದ್ಧಕಾಲದ ಬಾಂಬ್‌ಗಳನ್ನೂ ಹುಡುಕುತ್ತಾರಂತೆ, ನಿಜವಾ?

ಸೇಫ್ಟಿ_ಟೋಪಿ
ನಿಜ. 1994ರಲ್ಲಿ ಬರ್ಲಿನ್‌ನ ಒಂದು ಕಟ್ಟಡ ಸೈಟ್‌ನಲ್ಲಿ ಎರಡನೇ ಮಹಾಯುದ್ಧದ ಬಾಂಬ್ ಸಿಡಿದು ಮೂವರು ಸತ್ತರು. ಅಲ್ಲಿ ಯುದ್ಧಕಾಲದ ವೈಮಾನಿಕ ಫೋಟೋ ನೋಡುತ್ತಾರೆ, ಮ್ಯಾಗ್ನೆಟೋಮೀಟರ್ ಇಳಿಸಿ ಪರೀಕ್ಷಿಸುತ್ತಾರೆ. ಜಾಗದ ಇತಿಹಾಸ ಓದುವುದು ಅಂದರೆ ಇದೇ. ಇಲ್ಲಿ ಮೊದಲು ಏನಿತ್ತು? ಕೆರೆಯಾ, ಕ್ವಾರಿಯಾ, ಕಾರ್ಖಾನೆಯಾ? ಕಾರ್ಖಾನೆ ಇದ್ದ ಜಾಗವಾದರೆ ಕಲುಷಿತ ಮಣ್ಣು ಇರಬಹುದು. ಜೇಡಿ ಪದರ ಅದನ್ನು ಮೇಲೆಯೇ ತಡೆದಿರುತ್ತದೆ. ಪೈಲ್ ಆ ಪದರ ತೂತು ಮಾಡಿ ಕೆಳಗಿನ ಅಂತರ್ಜಲಕ್ಕೆ ದಾರಿ ಕೊಡಬಾರದು.

ಹಳೇ_ಕಾಂಟ್ರಾಕ್ಟರ್
ಇಷ್ಟೆಲ್ಲ ನೋಡುತ್ತಾ ಕೂತರೆ ಕಟ್ಟಡ ಯಾವಾಗ ಏಳುವುದು? ಸೆಟ್‌ನಿಂದ ಪೈಲ್ ಶಕ್ತಿ ಲೆಕ್ಕ ಹಾಕುವ ಸೂತ್ರ ಇದೆ, ಹೈಲಿ ಫಾರ್ಮುಲಾ ಹಾಕಿ, ಸೆಟ್ ಸಿಕ್ಕರೆ ಆಯಿತು.

ಡ್ರಾಯಿಂಗ್_ಬೋರ್ಡ್
ಸೂತ್ರ ಹೇಳುವುದು ಹೊಡೆಯುವ ಕ್ಷಣದ ತಡೆಯನ್ನು ಮಾತ್ರ. ಎಂಜಿನಿಯರಿಂಗ್ ನ್ಯೂಸ್ ಸೂತ್ರ 1888ರದ್ದು, ಹೈಲಿ ಸೂತ್ರವೂ ಹಳೆಯದೇ. ಪೈಲ್‌ನಲ್ಲಿ ಅಲೆ ಹೇಗೆ ಓಡುತ್ತದೆ ಅನ್ನುವುದನ್ನು ಅವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 1960ರಲ್ಲಿ ಸ್ಮಿತ್ ಅಲೆ ಸಮೀಕರಣದ ಲೆಕ್ಕ ಕೊಟ್ಟ ಮೇಲೆ, ಆಮೇಲೆ ಪಿಡಿಎ ಬಂದ ಮೇಲೆ, ಬರೀ ಸೂತ್ರ ನಂಬಿ ಕೂರುವ ಅಗತ್ಯ ಇಲ್ಲ.

ಅದಕ್ಕಿಂತ ಮುಖ್ಯ ಕಾಲ. ಜೇಡಿಯಲ್ಲಿ ಹೊಡೆದಾಗ ಮಣ್ಣಿನ ನೀರಿನ ಒತ್ತಡ ಏರಿ ತಡೆ ಕಡಿಮೆ ಕಾಣುತ್ತದೆ. ದಿನ ಕಳೆದ ಹಾಗೆ ಒತ್ತಡ ಇಳಿದು ಪೈಲ್ ಶಕ್ತಿ ಏರುತ್ತದೆ. ಇದು ಸೆಟ್-ಅಪ್. ಇದು ಗೊತ್ತಿಲ್ಲದವರು ಸುಮ್ನೆ ಇನ್ನೂ ಆಳಕ್ಕೆ ಹೊಡೆಯುತ್ತಾರೆ. ನೀರು ತುಂಬಿದ ಬಿಗಿ ಸಣ್ಣ ಮರಳು, ಹೂಳು, ಶಿಥಿಲ ಶೇಲ್‌ನಲ್ಲಿ ಇದರ ಉಲ್ಟಾ ಆಗಬಹುದು. ಇವತ್ತು ಒಳ್ಳೇ ಸೆಟ್, ನಾಳೆ ಅದೇ ಪೈಲ್ ಸಲೀಸಾಗಿ ಇಳಿಯುತ್ತದೆ. ಅದು ರಿಲ್ಯಾಕ್ಸೇಷನ್, ಅಪಾಯದ್ದು. ನಿಮ್ಮ ತುದಿ ಮರಳಲ್ಲಿದೆ, ಹಾಗಾಗಿ ರೀಸ್ಟ್ರೈಕ್ (ಕೆಲವು ದಿನ ಬಿಟ್ಟು ಮತ್ತೆ ಹೊಡೆದು ನೋಡುವುದು) ಮಾಡದೆ ಸೆಟ್ ಒಪ್ಪಬೇಡಿ.

ಹಳೇ_ಕಾಂಟ್ರಾಕ್ಟರ್
ರೀಸ್ಟ್ರೈಕ್ ನಾವೂ ಮಾಡುತ್ತೇವೆ, ಅದಕ್ಕೆ ನನ್ನ ವಿರೋಧ ಇಲ್ಲ. ನನ್ನ ಮಾತು ಇಷ್ಟೇ: ಬೋರ್‌ಹೋಲ್ ಹೆಚ್ಚಿಸುವ ಬದಲು ಮೊದಲು ಐದಾರು ಟ್ರಯಲ್ ಪೈಲ್ ಹೊಡೆಯಿರಿ. ಜಾಗದ ಬೇರೆಬೇರೆ ಮೂಲೆಯಲ್ಲಿ, ಉದ್ದ ಜಾಸ್ತಿ ಇಟ್ಟು. ಅದರ ಮೇಲೆ ಉಳಿದ ಪೈಲ್‌ಗಳ ಉದ್ದ ತೀರ್ಮಾನ ಮಾಡಿ ಎರಕ ಹಾಕಿಸಿ.

ಮಣ್ಣಿನ_ಲ್ಯಾಬ್
ಟ್ರಯಲ್ ಪೈಲ್ ಮಾತು ನೂರಕ್ಕೆ ನೂರು ಸರಿ ಸರ್. ಆದರೆ ‘ಬದಲು’ ಬೇಡ, ‘ಜೊತೆಗೆ’ ಇರಲಿ. ಟ್ರಯಲ್ ಪೈಲನ್ನು ಬೋರ್‌ಹೋಲ್ ಪಕ್ಕದಲ್ಲೇ ಹೊಡೆದರೆ ಎರಡನ್ನೂ ತಾಳೆ ನೋಡಬಹುದು. ಪೈಲ್ ಎಷ್ಟೇ ಚೆನ್ನಾಗಿ ಸೆಟ್ ಕೊಟ್ಟರೂ ತುದಿಯ ಕೆಳಗಿನ ಜೇಡಿಯ ಕುಸಿತವನ್ನು ಹೇಳಲಾರದು.

ಸೈಟ್_ಹುಡುಗ
ಎಲ್ಲರಿಗೂ ಧನ್ಯವಾದ. ಬಿಎಚ್-3ರ ಮೂಲ ಫೀಲ್ಡ್ ಹಾಳೆ ತರಿಸಿ ನೋಡಿದೆ. ಕೋರ್ ತೆಗೆದೇ ಇಲ್ಲ. ಸ್ಪೂನ್ ಪುಟಿಯಿತು ಅಂತ ನಿಲ್ಲಿಸಿದ್ದಾರೆ. ಡಿಸೈನರ್‌ಗೆ ಬರೆದೆ. ಅದರ ಪಕ್ಕದಲ್ಲೇ ಕೋರ್ ಸಮೇತ ಹೊಸ ಬೋರ್‌ಹೋಲ್, ಬಿಎಚ್-2ರ ಹತ್ತಿರ 30 ಮೀಟರ್‌ವರೆಗೆ ಇನ್ನೊಂದು, ನಡುವೆ ಕೆಲವು ಸಿಪಿಟಿ ಅಂತ ಅವರೇ ಕೇಳಿದ್ದಾರೆ. ಎರಕ ತಡೆಹಿಡಿದಿದ್ದೇವೆ. ಈಗ ರಿಸ್ಕ್ ಪಟ್ಟಿ ಬರೆಯಲು ಕೂತಿದ್ದೇನೆ. ‘ಗುಂಡುಕಲ್ಲು: ಮಧ್ಯಮ ಅಪಾಯ’ ಅಂತ ಬರೆದರೆ ಸಾಕಾ?

ಸೇಫ್ಟಿ_ಟೋಪಿ
ಸಾಲದು. ಅದನ್ನು ಓದಿ ಸೈಟ್‌ನಲ್ಲಿ ಯಾರೂ ಏನೂ ಮಾಡಲು ಆಗುವುದಿಲ್ಲ. ಲಕ್ಷಣ ಏನು, ಯಾರು ನಿಲ್ಲಿಸುತ್ತಾರೆ, ನಿಲ್ಲಿಸಿದ ಮೇಲೆ ಏನು, ಇದನ್ನು ಬರೆಯಿರಿ. ಹೀಗೆ: ‘12 ಮೀಟರ್ ಆಳ ತಲುಪುವ ಮುಂಚೆಯೇ ಪೆಟ್ಟು ಒಮ್ಮೆಲೇ ಏರಿದರೆ ಅಥವಾ ಪೈಲ್ ತಿರುಗಿದರೆ ಆಪರೇಟರ್ ತಕ್ಷಣ ನಿಲ್ಲಿಸಬೇಕು. ಸೈಟ್ ಇಂಜಿನಿಯರ್ ಬಂದು ನೋಡುವವರೆಗೆ ಹೊಡೆಯಬಾರದು. ಪಿಡಿಎ ಹಾಕಿ ನೋಡಿ ಡಿಸೈನರ್‌ಗೆ ತಿಳಿಸಬೇಕು.’ ಆಪರೇಟರ್‌ಗೆ ನಿಲ್ಲಿಸುವ ಅಧಿಕಾರ ಬರಹದಲ್ಲೇ ಇರಲಿ.

ಹ್ಯಾಮರ್_ಅಣ್ಣ
ಆ ಕೊನೆಯ ಸಾಲು ದಪ್ಪಕ್ಷರದಲ್ಲಿ ಬರೆಯಿರಿ. ‘ಯಾಕೆ ನಿಲ್ಲಿಸಿದೆ’ ಅಂತ ಬೈಸಿಕೊಂಡ ಆಪರೇಟರ್ ಮುಂದಿನ ಸಲ ನಿಲ್ಲಿಸುವುದಿಲ್ಲ.

ಬೆಟ್ಟದ_ಕಲ್ಲು
ಪೈಲ್ ಹೊಡೆದ ಮೇಲಿನ ಅಗೆತವನ್ನೂ ಪಟ್ಟಿಗೆ ಸೇರಿಸಿ. ಶಾಂಘೈನಲ್ಲಿ 2009ರ ಜೂನ್‌ನಲ್ಲಿ 13 ಮಹಡಿ ಕಟ್ಟಡ ಇಡಿಯಾಗಿ ಮಗುಚಿತು, ಒಬ್ಬ ಕೆಲಸಗಾರ ಸತ್ತರು. ಒಂದು ಬದಿ ಗ್ಯಾರೇಜಿಗೆ 4.6 ಮೀಟರ್ ಅಗೆದು, ಆ ಮಣ್ಣನ್ನು ಇನ್ನೊಂದು ಬದಿಗೆ ಸುಮಾರು 10 ಮೀಟರ್ ಎತ್ತರ ರಾಶಿ ಹಾಕಿದ್ದರು. ಮಣ್ಣು ಅಡ್ಡಕ್ಕೆ ಸರಿದು ಪೈಲ್‌ಗಳು ಮುರಿದವು. ಮೆತ್ತನೆ ಜೇಡಿ ಇರುವ ಸೈಟ್‌ನಲ್ಲಿ ಅಗೆದ ಮಣ್ಣು ಎಲ್ಲಿ ಸುರಿಯುತ್ತೀರಿ ಅನ್ನುವುದೂ ನೆಲದ ಅಪಾಯವೇ.

ಸೈಟ್_ಹುಡುಗ
ಸೇರಿಸುತ್ತೇನೆ ಸರ್. ಕೊನೇ ಪ್ರಶ್ನೆ: ಪೆಟ್ಟಿನ ಲೆಕ್ಕ ಎಲ್ಲಿಂದ ಬರೆಯಬೇಕು? ನಮ್ಮವರು ಕೊನೆಯ ಒಂದು ಮೀಟರ್ ಮಾತ್ರ ಬರೆಯುತ್ತಾರೆ.

ಹ್ಯಾಮರ್_ಅಣ್ಣ
ಟ್ರಯಲ್ ಪೈಲ್‌ಗಳಿಗೆ ಮೊದಲ ಪೆಟ್ಟಿನಿಂದ ಕೊನೆಯ ಪೆಟ್ಟಿನವರೆಗೆ. ಪೈಲ್ ಎತ್ತುವ ಮುಂಚೆ ನೆಲದ ಮೇಲೆ ಇರುವಾಗಲೇ 25 ಸೆಂ.ಮೀ.ಗೆ ಒಂದು ಗೆರೆ, ಮೀಟರ್‌ಗೆ ಒಂದು ಸಂಖ್ಯೆ, ಕೆಂಪು ಬಣ್ಣದಲ್ಲಿ ಹಾಕಿಸಿ. ಎದ್ದು ನಿಂತ ಮೇಲೆ ಯಾರಿಗೂ ಬಣ್ಣ ಹಚ್ಚಲು ಆಗುವುದಿಲ್ಲ. ಪ್ರತಿ ಗೆರೆಗೆ ಪೆಟ್ಟು, ಡ್ರಾಪ್ ಎಷ್ಟು, ಮಧ್ಯೆ ನಿಲ್ಲಿಸಿದ್ದರೆ ಎಷ್ಟು ಹೊತ್ತು, ಕುಶನ್ ಬದಲಾಯಿಸಿದ್ದು ಯಾವಾಗ, ಎಲ್ಲ ಬರೆಯಿರಿ. ಕುಶನ್ ಹೊಸದು ಹಾಕಿದ ಕೂಡಲೇ ಪೆಟ್ಟಿನ ಸಂಖ್ಯೆ ಬದಲಾಗುತ್ತದೆ, ಬರೆಯದಿದ್ದರೆ ಅದನ್ನು ಮಣ್ಣು ಬದಲಾಗಿದೆ ಅಂದುಕೊಳ್ಳುತ್ತೀರಿ.

ಮಣ್ಣಿನ_ಲ್ಯಾಬ್
ಆ ಹಾಳೆಯ ಒಂದು ಪ್ರತಿ ಅವತ್ತು ಸಂಜೆಯೇ ಮಣ್ಣು ಪರೀಕ್ಷೆ ಮಾಡಿದವರಿಗೂ ಕಳಿಸಿ. ಹೊಸ ಕೋರ್ ಪೆಟ್ಟಿಗೆ ಬಂದಾಗ ಫೋಟೋ ಇಲ್ಲಿ ಹಾಕಿ, ಬೆಟ್ಟದ ಕಲ್ಲು ಅವರೂ ನೋಡಲಿ.